ಸಿಸ್ಟರ್ ಬಾಯಿಯ ಹದಿನಾರು ನಂಬರು

ಆಕೆ ಸತ್ತ ಕೆಲವು ದಿನಕ್ಕೆ ಚಿಕ್ಕೋಡಿಯ ಫೋಟೊ ಮಂಡಳಿಯವರು ಒಂದು ಸಭೆ ಮಾಡಿದರು. ನನ್ನನ್ನೂ ಕರೆದರು. ಆಕೆಯ ನೆರೆಮನೆಯವಳು ಅಂತ ಕರೆದದ್ದಲ್ಲ, ಆಕೆ ತೆಗೆದ ಫೋಟೊದಲ್ಲಿ ನಾನಿದ್ದೇನೆ ಅಂತ. ನನ್ನ ಮುಖವನ್ನು ಹಗ್ಗದ ಮಂಚದ ಹೊರಸಿನಷ್ಟು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದರು. ಅದರ ಕೆಳಗೆ ಒಂದು ಕುರ್ಚಿ ಇಟ್ಟು ನನ್ನನ್ನು ಕೂರಿಸಿದರು. ಬಂದವರೆಲ್ಲ ಒಮ್ಮೆ ಮೇಲೆ ನೋಡುವುದು, ಒಮ್ಮೆ ಕೆಳಗೆ ನೋಡುವುದು. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವಂತೆ.

ಒಬ್ಬೊಬ್ಬರೇ ಎದ್ದು ಮಾತಾಡಿದರು. ಶಾಂತ ಸ್ವಭಾವದವರು ಅಂದರು. ಮೃದು ಮಾತಿನವರು ಅಂದರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ ಅಂದರು. ನಾನು ಪಕ್ಕದಲ್ಲಿದ್ದ ಹೆಣ್ಣುಮಗಳನ್ನು ಕೇಳಿದೆ, "ಯಾರ ಸುದ್ದಿ ಹೇಳಾಕತ್ತಾರವ್ವ ಇವರು?"

ನನ್ನ ಪಾಳಿ ಬಂತು. ಎರಡೇ ಮಾತು ಹೇಳಿ ಅಜ್ಜಿ, ಅಂದರು. ಹೇಳಿದೆ: "ಆಕಿ ಶಾಂತ ಇರಲಿಲ್ರಿ. ಬಾಯಿ ಭಾಳ ಜೋರ. ನನ್ನ ಮೂರನೇ ಹೆರಿಗ್ಯಾಗ ತೊಡಿಮ್ಯಾಗ ಚಟ್ಟಂತ ಹೊಡದಿದ್ಲು."

ಮೈಕು ತೆಗೆದುಕೊಂಡರು. ಚಹಾ ಕೊಟ್ಟರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾಗದದ ಮೇಲಾದರೆ ಯಾರೂ ನಡುವೆ ಬಂದು ಮೈಕು ಕಸಿಯುವುದಿಲ್ಲ.

ನಮ್ಮ ಊರು ಕಾಗವಾಡ ತಾಲೂಕಿನಲ್ಲಿ, ಜುಗೂಳದಿಂದ ಮುಂದೆ, ಕೃಷ್ಣೆಯ ದಂಡೆಯ ಮೇಲೆ. ಆಕೆ ನಿಪ್ಪಾಣಿಯವಳು. ನರ್ಸ್ ಆಗಿ ಬಂದಳು, ನಮ್ಮ ಓಣಿಯ ತುದಿಯಲ್ಲಿ ಬಾಡಿಗೆ ಮನೆ ಹಿಡಿದಳು. ನಮ್ಮ ಓಣಿಯೆಂದರೆ ಕೂಲಿಯವರ ಓಣಿ. ಸರಕಾರಿ ಪಗಾರದವರು ಅಲ್ಲಿ ಮನೆ ಹಿಡಿಯುವುದಿಲ್ಲ. ಊರಿನ ದೊಡ್ಡವರು ಬಂದು, "ಸಿಸ್ಟರ್, ಆ ಕಡಿ ಯಾಕ ಇರ್ತೀರಿ, ನಮ್ಮ ಕಡಿ ಚಲೋ ಮನಿ ಅದಾವ" ಅಂದರಂತೆ. "ರಾತ್ರಿ ಹೆರಿಗಿಗೆ ಕರ್ಯಾಕ ನಿಮ್ಮ ಮಂದಿ ಜೀಪ ತರ್ತಾರ. ಇವರು ನಡಕೊಂಡ ಬರ್ತಾರ. ಸನೇಪ ಇದ್ರ ಇವರಿಗೆ ಚಲೋ" ಅಂದಳಂತೆ. ಅಷ್ಟೇ. ಅದರ ಮೇಲೆ ಭಾಷಣ ಮಾಡಲಿಲ್ಲ.

ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ದಿನಾ ಹೆರಿಗಿ ಮಾಡಸ್ತೀನಿ, ನೋಡಿ ನೋಡಿ ಸಾಕಾಗೇತಿ" ಅನ್ನುತ್ತಿದ್ದಳು. ಎಲ್ಲರೂ ಸಿಸ್ಟರ್ ಬಾಯಿ ಅನ್ನುತ್ತಿದ್ದೆವು. ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ನಿವೃತ್ತಿಯಾದ ತಿಂಗಳೇ ನಿಪ್ಪಾಣಿಗೆ ಹೋಗಿ, ಮದುವೆ ಫೋಟೊ ತೆಗೆಯುವ ಒಬ್ಬನಿಂದ ಹಳೆಯ ಕ್ಯಾಮೆರಾ ತಂದಳು. ಜನ ನಕ್ಕರು. ವಯಸ್ಸಾದ ಮೇಲೆ ಹೆಂಗಸರು ಪಂಢರಪುರಕ್ಕೆ ಹೋಗುತ್ತಾರೆ, ಕೊಕಟನೂರಿಗೆ ಹೋಗುತ್ತಾರೆ, ಇವಳಿಗೇನು ಬಂತು ಅಂದರು. ಆಕೆ ಕೇಳಿಸಿಕೊಂಡಳು. ಮೊಬೈಲಿನಲ್ಲಿ ಮರಾಠಿ ವಿಡಿಯೊ ಹಾಕಿಕೊಂಡು ಕಲಿಯತೊಡಗಿದಳು. ಒಂದೇ ವಿಡಿಯೊವನ್ನು ಹತ್ತು ಸಲ ನಿಲ್ಲಿಸಿ ನಿಲ್ಲಿಸಿ ನೋಡುವುದು. ನಮ್ಮ ಮನೆಗಳ ನಡುವೆ ಒಂದೇ ಗೋಡೆ. ಆ ವಿಡಿಯೊದವನ ದನಿ ಕೇಳಿ ಕೇಳಿ ನನಗೂ ಅರ್ಧ ಕ್ಯಾಮೆರಾ ಬಂದುಬಿಟ್ಟಿತು.

ಕ್ಯಾಮೆರಾದ ಕಣ್ಣಿನೊಳಗೆ ಒಂದು ಕಿಂಡಿ ಇರುತ್ತದೆ. ಅದನ್ನು ಅಗಲ ಮಾಡಬಹುದು, ಸಣ್ಣ ಮಾಡಬಹುದು. ಅದಕ್ಕೆ ನಂಬರು. ನಂಬರು ಸಣ್ಣದಾದರೆ ಕಿಂಡಿ ದೊಡ್ಡದು, ನಂಬರು ದೊಡ್ಡದಾದರೆ ಕಿಂಡಿ ಸಣ್ಣದು. ಇದು ಕಲಿಯುವವರಿಗೆಲ್ಲ ತಲೆ ಕೆಡಿಸುತ್ತದಂತೆ. ಮಂಡಳಿಯಲ್ಲಿ ಕಾಲೇಜು ಓದಿದವರೇ ಇದರಲ್ಲಿ ತಿಂಗಳುಗಟ್ಟಲೆ ತಪ್ಪುತ್ತಿದ್ದರಂತೆ. ಸಿಸ್ಟರ್ ಬಾಯಿಗೆ ಒಂದೇ ದಿನದಲ್ಲಿ ತಿಳಿಯಿತು.

"ಇದ ಸೂಜಿ ಲೆಕ್ಕ ಗ ಸೋನಾ" ಅಂದಳು, ನನ್ನನ್ನು ಮರಾಠಿಯವರ ಹಾಗೆ ಗ ಅಂತ ಕರೆಯುತ್ತಿದ್ದಳು. "ಹದಿನೆಂಟು ನಂಬರ್ ಸೂಜಿ ದಪ್ಪ, ಇಪ್ಪತ್ನಾಕು ನಂಬರ್ ಸೂಜಿ ಸಪೂರ. ನಾ ಮೂವತ್ತು ವರ್ಷ ಇದ ಲೆಕ್ಕದಾಗ ನಿಮ್ಮ ಕುಂಡಿಗೆ ಚುಚ್ಚೀನಿ."

ಎಲ್ಲವನ್ನೂ ಆಕೆ ಆಸ್ಪತ್ರೆಯ ಪದ್ಧತಿಯಲ್ಲೇ ಮಾಡಿದಳು. ಒಂದು ಉದ್ದ ರಜಿಸ್ಟರು. ಜ್ವರದ ಚಾರ್ಟಿನ ಹಾಗೆ ಗೆರೆ ಹೊಡೆದು ಖಾನೆ ಮಾಡಿದ್ದಳು: ಹೊತ್ತು, ಬಿಸಿಲು, ಕಿಂಡಿಯ ನಂಬರು, ದೂರ, ಪರಿಣಾಮ. ದೂರ ಅಳೆಯಲು ಕೂಸುಗಳ ತಲೆ ಅಳೆಯುವ ಹಳದಿ ಟೇಪು. ಕ್ಯಾಮೆರಾದ ಮೂತಿಯಿಂದ ನನ್ನ ಮೂಗಿನ ತುದಿಯವರೆಗೆ ಆ ಟೇಪು ಹಿಡಿದು, ಟೇಪಿಗೆ ಇನ್ನೊಂದು ಟೇಪು ಗಂಟು ಹಾಕಿ ಉದ್ದ ಮಾಡಿಕೊಂಡು ಅಳೆಯುವುದು. ಪರಿಣಾಮದ ಖಾನೆಯಲ್ಲಿ "ಬರೋಬರ", "ಕೆಟ್ಟಿತು", "ಎಮ್ಮೆ ಸರಿಯಿತು" ಅಂತ ಬರೆಯುವುದು. ಎಮ್ಮೆ ಸರಿಯಿತು ಅಂತ ಬಹಳ ಸಲ ಬರೆದಿದ್ದಾಳೆ.

ಎಮ್ಮೆ ನನ್ನದು. ನಾನು ಆಕೆಗೆ ಸಿಕ್ಕಿದ್ದು ಒಂದೇ ಕಾರಣಕ್ಕೆ: ಬೆಳಿಗ್ಗೆ ಎಂಟರ ಬಿಸಿಲಿನಲ್ಲಿ ನಾನು ದಿನವೂ ಒಂದೇ ಜಾಗದಲ್ಲಿ ಗೋಡೆಗೆ ಸೆಗಣಿಯ ಕುಳ್ಳು ತಟ್ಟುತ್ತೇನೆ. ಎಲ್ಲಿಯೂ ಹೋಗುವುದಿಲ್ಲ, ನಾಚಿಕೊಳ್ಳುವುದಿಲ್ಲ, ಹಲ್ಲು ಕಿಸಿಯುವುದಿಲ್ಲ.

"ಹಲೂ ನಕೊ!" ಅಂತ ಒದರುತ್ತಿದ್ದಳು, ಅಲುಗಾಡಬೇಡ ಅಂತ.

"ಅಲಗಾಡದ ಕುಳ್ಳು ಹೆಂಗ ತಟ್ಟಲಿ ಬಾಯಿ?"

"ತಟ್ಟಿದಾಂಗ ಮಾಡಿ ನಿಲ್ಲು."

"ನಿಂತ್ರ ಶೆಗಣಿ ಒಣಗತೈತಿ."

"ಒಣಗಲಿ. ನಿನ್ನ ಶೆಗಣಿಗೆ ಏನ ಬಂಗಾರ ಹತ್ತೇತಿ?"

ಮೊದಲ ವರ್ಷದ ಫೋಟೊಗಳಲ್ಲಿ ನನ್ನ ತಲೆಯ ಮೇಲೆ ಲೈಟಿನ ಕಂಬ ಹುಟ್ಟಿದೆ. ಒಂದರಲ್ಲಿ ಎಮ್ಮೆಯ ಕೊಂಬು ನನ್ನ ಕಿವಿಯಿಂದ ಹೊರಟಿದೆ. ಆಕೆ ಅದನ್ನು ನೋಡಿ ನಗಲಿಲ್ಲ, ಸಿಟ್ಟಾದಳು. ಅಂದಿನಿಂದ ಫೋಟೊ ತೆಗೆಯುವ ಮೊದಲು ನನ್ನ ಹಿಂದೆ ಏನಿದೆ ಅಂತ ನೋಡುವುದು ಕಲಿತಳು. ಕಾಲು ಸರಿಸುವುದು ಕಲಿತಳು. ಎರಡು ಹೆಜ್ಜೆ ಎಡಕ್ಕೆ ಹೋದರೆ ಕಂಬ ತಲೆಯಿಂದ ಇಳಿಯುತ್ತದೆ. ಕುಕ್ಕರಗಾಲಲ್ಲಿ ಕುಳಿತರೆ ಎಮ್ಮೆ ದೊಡ್ಡದಾಗುತ್ತದೆ. ಹೆಂಗಸನ್ನು ನಟ್ಟ ನಡುವೆ ಇಡಬಾರದು, ಒಂದು ಕಡೆ ಇಡಬೇಕು, ಆಕೆ ಯಾವ ಕಡೆ ನೋಡುತ್ತಾಳೋ ಆ ಕಡೆ ಜಾಗ ಬಿಡಬೇಕು. ಇದನ್ನು ನನಗೆ ವಿವರಿಸಿದಾಗ ಹೇಳಿದೆ, "ನಾ ನೋಡೋ ಕಡಿ ಬರೇ ಕಬ್ಬ ಐತ್ರಿ, ಜಾಗ ಎಲ್ಲಿಂದ ಬಿಡ್ತೀರಿ?" ಆಕೆ ಕ್ಯಾಮೆರಾ ಇಳಿಸಿ ಆ ಕಡೆ ನೋಡಿದಳು. ಕಬ್ಬೇ ಇತ್ತು.

ಎರಡನೇ ವರ್ಷ ಕಿಂಡಿ ಅಗಲ ಮಾಡುವ ಹುಚ್ಚು ಹತ್ತಿತು. ಎರಡು ನಂಬರು. ಹಾಗಿಟ್ಟರೆ ಮುಖ ಮಾತ್ರ ಕಾಣುತ್ತದೆ, ಕೂದಲೆಳೆ ಎಳೆ ಎಳೆಯಾಗಿ ಎಣಿಸುವಷ್ಟು ಕಾಣುತ್ತದೆ. ಹಿಂದಿನದೆಲ್ಲ ಕರಗಿ ಹೊಗೆಯಾಗುತ್ತದೆ. ಮಂಡಳಿಯವರು ಇದನ್ನೇ ಬಹಳ ಮೆಚ್ಚುತ್ತಾರಂತೆ. ಆಕೆ ಮೊದಲ ಸಲ ಅಂಥದೊಂದು ಫೋಟೊ ತೊಳೆಸಿ ತಂದು ನನ್ನ ಕೈಗೆ ಕೊಟ್ಟಳು. ನೋಡಿದೆ. ತಿರುಗಿಸಿ ನೋಡಿದೆ.

"ನನ್ನ ಕುಳ್ಳು ಎಲ್ಲಿ ಹೋದುವ್ರಿ?"

"ಅವು ಬ್ಯಾಡ ಗ. ಮಾರಿ ನೋಡು, ಹೆಂಗ ಎದ್ದ ಕಾಣತೈತಿ."

"ಮುಂಜಾನಿಂದ ನಲವತ್ತ ಕುಳ್ಳ ತಟ್ಟೀನಿ. ಗ್ವಾಡಿ ಎಲ್ಲೈತಿ? ಎಮ್ಮಿ ಎಲ್ಲೈತಿ? ಇದೇನ ನಾ ಮೋಡದಾಗ ನಿಂತೀನೇನ?"

"ನಿನಗ ತಿಳ್ಯಾಂಗಿಲ್ಲ ಬಿಡು."

"ತಿಳ್ಯಾಂಗಿಲ್ಲ. ಕಷ್ಟ ಮಾಡಿದ್ದೆಲ್ಲಾ ಅಳಿಸಿ ಬರೇ ಸುಕ್ಕ ಇಟ್ಟೀರಿ."

ನಾಲ್ಕು ದಿನ ಮಾತು ಬಿಟ್ಟೆವು. ಮಾತು ಬಿಟ್ಟರೂ ಫೋಟೊ ಬಿಡಲಿಲ್ಲ. ನಾನು ಕುಳ್ಳು ತಟ್ಟುವುದು, ಆಕೆ ಎದುರಿಗೆ ಕೂತು ತೆಗೆಯುವುದು, ಇಬ್ಬರ ಬಾಯಿಯೂ ಮುಚ್ಚಿ.

ಆ ಫೋಟೊ ಚಿಕ್ಕೋಡಿಯಲ್ಲಿ ಬಹುಮಾನ ಪಡೆಯಿತು. ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದಳು. ಕೆಳಗೆ ಒಂದು ಚೀಟಿ ಹಚ್ಚಿದ್ದರು, "ಬಾಳ ಸಂಜೆ" ಅಂತ. ಆಕೆ ಅದನ್ನು ಓದಿದಳು. ಕನ್ನಡಕ ಸರಿ ಮಾಡಿಕೊಂಡು ಮತ್ತೆ ಓದಿದಳು.

"ಯಾರ ಬರದಾರ ಇದನ್ನ?"

ಮಂಡಳಿಯವನೊಬ್ಬ ನಗುತ್ತ ಬಂದ. "ನಾವ ಇಟ್ಟೀವ್ರಿ ಹೆಸರು. ಚಂದ ಐತಿಲ್ರಿ?"

"ಎಂತಾ ಸಂಜಿ? ಮುಂಜಾನಿ ಎಂಟೂ ಹತ್ತಕ್ಕ ತಗದೀನಿ. ರಜಿಸ್ಟರ್ ತೋರಸ್ಲೇನ?"

ಚೀಟಿ ಕಿತ್ತಳು. ಪರ್ಸಿನಿಂದ ಪೆನ್ನು ತೆಗೆದು ಗೋಡೆಯ ಕಾಗದದ ಮೇಲೇ ಬರೆದಳು: ಸೋನವ್ವ, ಕುಳ್ಳು ತಟ್ಟುತ್ತಿರುವುದು. ನೋಡಲು ಬಂದವರು ಓದುವುದು, ಫೋಟೊದಲ್ಲಿ ಕುಳ್ಳು ಹುಡುಕುವುದು. ಕುಳ್ಳು ಎಲ್ಲಿದ್ದಾವು? ಹೊಗೆ. ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಕಡೆ ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಭಜಿ ಕೊಡಿಸಿದಳು. ಆಕೆ ಭಜಿ ಕೊಡಿಸುವುದು ಅಂದರೆ ತಪ್ಪು ಒಪ್ಪಿಕೊಂಡ ಹಾಗೆ.

ಆದರೂ ಎರಡು ನಂಬರು ಬಿಡಲಿಲ್ಲ. ಅದು ಬಿಟ್ಟದ್ದು ದಾರಿಯ ವಿಷಯ ಬಂದಾಗ.

ನಮ್ಮ ಓಣಿಯಿಂದ ಹೊಳೆಯ ಕಡೆ ಒಂದು ದಾರಿ. ದಾರಿಯ ಕೊನೆಗೆ ನಮ್ಮವರನ್ನು ಹೂಳುವ ಜಾಗ, ಅಲ್ಲೊಂದು ಹುಣಸೆಮರ. ದಾರಿಯ ಎರಡೂ ಬದಿ ಒಬ್ಬನೇ ಮಾಲಕನ ಕಬ್ಬು. ಯಾರ ಕಾಲದಿಂದ ಅಲ್ಲಿ ನಡೆಯುತ್ತಿದ್ದೇವೆ ಅಂತ ಯಾರಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ಹೊಳೆ ಏರಿ ಬಂದರೆ ದಾರಿ ಮುಳುಗುತ್ತಿತ್ತು, ನೀರು ಇಳಿದ ಮೇಲೆ ಮತ್ತೆ ಅಲ್ಲೇ ಇರುತ್ತಿತ್ತು. ಹೊಳೆ ಬಿಟ್ಟುಕೊಟ್ಟ ದಾರಿಯನ್ನು ಟ್ರ್ಯಾಕ್ಟರು ಬಿಡಲಿಲ್ಲ. ಆ ವರ್ಷ ಕಬ್ಬು ಕಡಿದು ಫ್ಯಾಕ್ಟರಿಗೆ ಹೋದ ಮೇಲೆ ಮಾಲಕ ಎರಡೂ ಹೊಲ ಸೇರಿಸಿ ಒಂದೇ ಮಾಡಿ ಉಳುಮೆ ಮಾಡಿಸಿದ. ಬೆಳಿಗ್ಗೆ ಎದ್ದು ನೋಡಿದರೆ ದಾರಿ ಇಲ್ಲ, ಮಣ್ಣಿನ ಹೆಂಟೆ.

ಕೇಳಲು ಹೋದೆವು. "ನಕಾಶೆದಾಗ ದಾರಿ ಎಲ್ಲೈತಿ ತೋರಸ್ರಿ" ಅಂದ. ನಕಾಶೆಯಲ್ಲಿ ಇರಲಿಲ್ಲ. ಕಾಲಿಗೆ ಗೊತ್ತಿದ್ದದ್ದು ಕಾಗದಕ್ಕೆ ಗೊತ್ತಿರಲಿಲ್ಲ. ಬೇಕಾದರೆ ಡಾಂಬರು ರಸ್ತೆಯಿಂದ ಸುತ್ತಿಕೊಂಡು ಹೋಗಿರಿ ಅಂದ. ಸುತ್ತಿಕೊಂಡು ಹೋದರೆ ನಡುವೆ ಹಳ್ಳ, ಮೊಳಕಾಲುದ್ದ ಕೆಸರು. ಹೆಣ ಹೊತ್ತವರು ಅದರಲ್ಲಿ ಇಳಿಯುವ ಹಾಗಿಲ್ಲ.

ಆಗ ನನ್ನ ನೆಗೆಣ್ಣಿ, ಅಂದರೆ ಓರಗಿತ್ತಿ, ಹೌಸವ್ವ ಹಾಸಿಗೆ ಹಿಡಿದಿದ್ದಳು. ಅದು ಏಳುವ ಹಾಸಿಗೆ ಅಲ್ಲ ಅಂತ ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಕೆಯ ಗಂಡನೂ ಇಬ್ಬರು ಮಕ್ಕಳೂ ಆ ಹುಣಸೆಮರದ ಕೆಳಗೇ ಇದ್ದಾರೆ. ದಿನವೂ ಒಂದೇ ಪ್ರಶ್ನೆ: "ಸೋನಾ, ದಾರಿ ಬಿಟ್ಟಾನೇನ?"

"ಇಲ್ಲ."

"ನಾ ಇನ್ನೆಷ್ಟ ದಿನಾ ತಡದ ಹಿಡೀಲಿ?"

"ನನಗೇನ ಗೊತ್ತ. ಹಿಡಿ."

ಅರ್ಜಿ ಕೊಟ್ಟೆವು. ತಾಲೂಕು ಕಚೇರಿಯಿಂದ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಕೂತು ಕೇಳಿದರು. ನಡೆಯುತ್ತಿದ್ದದ್ದಕ್ಕೆ ಪುರಾವೆ ಏನಾದರೂ ಇದೆಯೇ ಅಂದರು. ಸಿಸ್ಟರ್ ಬಾಯಿ ಎದ್ದು ನಿಂತಳು. "ಐತ್ರಿ. ಮೂರು ವರ್ಷದಿಂದ ಆ ದಾರ್ಯಾಗ ಫೋಟೊ ತಗದೀನಿ. ಇವರು ಹುಲ್ಲ ತರೋದು, ಎಮ್ಮಿ ಹೊಡಕೊಂಡ ಹೋಗೋದು, ಎಲ್ಲಾ ಐತಿ." ಮನೆಗೆ ಓಡಿ ಹೋಗಿ ಚೀಲ ತಂದಳು. ಪಂಚಾಯಿತಿಯ ಮೇಜಿನ ಮೇಲೆ ಒಂದೊಂದೇ ಇಟ್ಟಳು.

ಮುಖಗಳು. ಹುಲ್ಲಿನ ಹೊರೆಯ ಕೆಳಗೆ ನಮ್ಮ ಮುಖಗಳು, ಬೆವರಿನ ಹನಿ ಸಮೇತ. ಹಿಂದೆ ಹಸಿರು ಹೊಗೆ, ಕಂದು ಹೊಗೆ, ಬಿಳಿ ಹೊಗೆ. ದಾರಿ ಒಂದರಲ್ಲಿಯೂ ಇಲ್ಲ.

ಮಾಲಕ ಒಂದು ಫೋಟೊ ಎತ್ತಿ ಬೆಳಕಿಗೆ ಹಿಡಿದ. "ಸಿಸ್ಟರ್, ಚಂದ ತಗದೀರಿ. ಆದ್ರ ಇದು ನನ್ನ ಹೊಲಾನೋ, ಆಕಾಶಾನೋ?"

ಅವನ ಜೊತೆ ಬಂದವರು ನಕ್ಕರು. ಸಾಹೇಬರು ನಗಲಿಲ್ಲ. ಇದರಿಂದ ಏನೂ ಮಾಡಲಾಗದು ತಾಯಿ, ಎರಡು ವಾರ ದಾಟಿದ ಮೇಲೆ ಮತ್ತೆ ಬರುತ್ತೇನೆ, ಬೇರೆ ಏನಾದರೂ ಇದ್ದರೆ ಹುಡುಕಿ ಇಡಿ ಅಂದರು.

ಎರಡು ದಿನ ಆಕೆ ಬಾಗಿಲು ತೆಗೆಯಲಿಲ್ಲ. ಮೂರನೇ ದಿನ ನಾನೇ ನೂಕಿಕೊಂಡು ಒಳಗೆ ಹೋದೆ. ನೆಲದ ತುಂಬ ಫೋಟೊ ಹರಡಿಕೊಂಡು ಕೂತಿದ್ದಳು. ಚಹಾ ಸಹ ಮಾಡಿಕೊಂಡಿರಲಿಲ್ಲ.

"ಸೋನಾ, ಇಷ್ಟ ವರ್ಷ ಕಲ್ತು ಕಲ್ತು, ಕಡೀಕ ನಾ ಏನ ಕಲ್ತೆ? ದಾರಿ ಅಳಿಸೋದು ಕಲ್ತೆ. ಆಂವ ಟ್ರ್ಯಾಕ್ಟರ್ ಹಚ್ಚಿ ಒಂದ ದಿನದಾಗ ಅಳಿಸ್ಯಾನ. ನಾ ಮೂರ ವರ್ಷದಿಂದ ಅಳಿಸಾಕತ್ತಿದ್ದೆ."

"ಹೌದು" ಅಂದೆ.

ನನ್ನ ಕಡೆ ನೋಡಿದಳು. ಸಮಾಧಾನ ಹೇಳುತ್ತೇನೆ ಅಂದುಕೊಂಡಿದ್ದಳೋ ಏನೋ. ನಾನು ಹೇಳಲಿಲ್ಲ. ನನ್ನ ಹೆರಿಗೆಯಲ್ಲಿ ಆಕೆಯೂ ನನಗೆ ಹೇಳಿರಲಿಲ್ಲ.

ಎದ್ದಳು. ಮುಖ ತೊಳೆದಳು. ಕ್ಯಾಮೆರಾ ತೆಗೆದು ಕಿಂಡಿಯ ನಂಬರು ತಿರುಗಿಸಿದಳು. ಎರಡು, ನಾಲ್ಕು, ಎಂಟು. ಹದಿನಾರಕ್ಕೆ ಬಂದು ನಿಂತಳು. "ಇಲ್ಲಿ ಇಟ್ರ ಕಾಲಾಗಿನ ಹೆಂಟಿನೂ ಕಾಣತೈತಿ, ಹುಣಸಿಮರಾನೂ ಕಾಣತೈತಿ. ಆದ್ರ ಬೆಳಕ ಸಾಲಾಂಗಿಲ್ಲ. ಕೈಯಾಗ ಹಿಡದ್ರ ನಡಗತೈತಿ. ಮೂರ ಕಾಲಿಂದು ಸ್ಟ್ಯಾಂಡ್ ಬೇಕು, ಬಿಸಿಲ ಬೇಕು. ಮತ್ತ ನೀವೆಲ್ಲಾ ಬೇಕು."

"ನಾವ ಯಾಕ?"

"ನಡ್ಯಾಕ."

ಮರುದಿನದಿಂದ ಶುರುವಾಯಿತು. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಓಣಿಯ ಹೆಂಗಸರೆಲ್ಲ ಆ ಉತ್ತ ಹೊಲದಲ್ಲಿ, ಮೊದಲು ದಾರಿಯಿದ್ದ ಜಾಗದಲ್ಲೇ ನಡೆಯಬೇಕು. ಹುಲ್ಲಿಗೆ ಹೋಗುವವರು ಹುಲ್ಲಿಗೆ, ಬಟ್ಟೆ ಒಗೆಯುವವರು ಹೊಳೆಗೆ. ಆಕೆ ಓಣಿಯ ತುದಿಯಲ್ಲಿ ಸ್ಟೂಲಿನ ಮೇಲೆ ಹತ್ತಿ ನಿಲ್ಲುವುದು. ಎಡಕ್ಕೆ ಮಾಲಕನ ಪಂಪಿನ ಮನೆ, ಅದರ ಗೋಡೆಯ ಮೇಲೆ ಬರೆದ ಮೀಟರಿನ ನಂಬರು ಓದಲು ಬರಬೇಕು. ನಡುವೆ ನಾವು. ಆಚೆಗೆ ಹುಣಸೆಮರ. ಮೂರೂ ಒಂದೇ ಚೌಕಟ್ಟಿನಲ್ಲಿ ಇರಬೇಕು, ಒಂದರ ಹಿಂದೆ ಇನ್ನೊಂದು ಮುಚ್ಚಬಾರದು.

ಒಂದು ಸಲಕ್ಕೆ ಸರಿಹೋಗುವ ಹೆಂಗಸಲ್ಲ ಆಕೆ.

"ತಿರಿಗಿ ಬರ್ರಿ! ಸೋನಾನ ಹೊರಿ ಹುಣಸಿಮರಾ ಮುಚ್ಚಿತು."

ತಿರುಗಿ ಬಂದೆವು. ಮತ್ತೆ ನಡೆದೆವು.

"ಥಾಂಬಾ, ನಿಲ್ಲರಿ! ಬಿಸಿಲಿಗೆ ಮೋಡ ಬಂತು. ಮತ್ತ ಮೊದಲಿಂದ ಬರ್ರಿ."

"ಬಾಯಿ, ನಾವೇನ ನಿನ್ನ ಗಾಣದ ಎತ್ತೇನ?" ಅಂತ ಒಬ್ಬಳು ಕೂಗಿದಳು.

"ಎತ್ತ ಆಗಿದ್ರ ಎರಡ ಸಲಕ್ಕ ಕಲೀತಿತ್ತು. ನಡೀರಿ!"

ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಎಂಟು ದಿನ. ಪಾದಕ್ಕೆ ಹೆಂಟೆ ಚುಚ್ಚುತ್ತಿತ್ತು, ಆಮೇಲೆ ಚುಚ್ಚುವುದು ನಿಂತಿತು. ಯಾಕೆ ನಿಂತಿತು ಅಂತ ನಾನು ಯೋಚಿಸಲಿಲ್ಲ. ಒಂಬತ್ತನೇ ದಿನ ಆಕೆ ಸ್ಟೂಲಿನ ಮೇಲಿಂದ ಕ್ಯಾಮೆರಾದೊಳಗೆ ನೋಡಿದವಳು ಮುಖ ಎತ್ತಿದಳು. ನನ್ನನ್ನು ಕೈ ಮಾಡಿ ಕರೆದಳು. ಸ್ಟೂಲು ಹತ್ತಿ ನೋಡಿದೆ. ಉತ್ತ ಹೊಲದ ನಡುವೆ, ಓಣಿಯಿಂದ ಹುಣಸೆಮರದವರೆಗೆ, ಒಂದು ಬಿಳಿ ಗೆರೆ. ನಮ್ಮ ಕಾಲು ಹೆಂಟೆಯನ್ನೆಲ್ಲ ಪುಡಿ ಮಾಡಿ ತುಳಿದು ಗಟ್ಟಿ ಮಾಡಿದ್ದವು. ಪುರಾವೆ ತೆಗೆಯಲು ಹೋಗಿ ದಾರಿಯನ್ನೇ ಮಾಡಿಬಿಟ್ಟಿದ್ದೆವು.

"ಇದನ್ನ ಬೇಕಂತ ಮಾಡಿಸಿದ್ರೇನ?" ಅಂತ ಕೇಳಿದೆ.

"ಇಲ್ಲ ಗ. ನನಗ ಫೋಟೊ ಬರೋಬರ ಬೇಕಾಗಿತ್ತು."

ಹಾಗೆ ನಿಜ ಹೇಳುವ ಹೆಂಗಸು. ಬೇರೆಯವರಾಗಿದ್ದರೆ ಹೌದು ಅನ್ನುತ್ತಿದ್ದರು.

ಹೌಸವ್ವ ಅದರ ಮಾರನೆಯ ಬೆಳಿಗ್ಗೆ ಸತ್ತಳು. ದಾರಿ ಕಾಣುತ್ತದೆ ಅಂತ ನಾನು ಹೇಳಿದ್ದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸಾಹೇಬರು ಬರಲು ಇನ್ನೂ ಮೂರು ದಿನ ಇತ್ತು. ಹೆಣ ಮೂರು ದಿನ ಕಾಯುವುದಿಲ್ಲ. ಹತ್ತರ ಸುಮಾರಿಗೆ ಎತ್ತಿದೆವು. ನಮ್ಮಲ್ಲಿ ಹೆಂಗಸರೂ ಹಿಂದೆ ಹೋಗುತ್ತೇವೆ. ಓಣಿ ದಾಟಿದರೆ, ಆ ಬಿಳಿ ಗೆರೆಯ ಮೇಲೆ ಅಡ್ಡ ಟ್ರ್ಯಾಕ್ಟರು ನಿಂತಿದೆ. ಮಾಲಕ ಅದರ ಪಕ್ಕ ನಿಂತಿದ್ದಾನೆ, ಬಿಳಿ ಟೋಪಿ, ಇಸ್ತ್ರಿ ಅಂಗಿ.

"ಹೆಣಾ ತಂದೀರಿ, ನನಗೂ ಕೆಟ್ಟ ಅನಸ್ತೈತಿ" ಅಂದ. "ಆದ್ರ ಇವತ್ತ ಬಿಟ್ರ ಕಾಯಂ ಬಿಟ್ಟಾಂಗ. ರಸ್ತೆದಿಂದ ಒಯ್ರಿ."

ಗಂಡಸರು ಹೆಣದ ಚಟ್ಟ ಹೊತ್ತುಕೊಂಡೇ ನಿಂತರು. ಅವನ ಹೊಲದಲ್ಲಿ ಕೂಲಿ ಮಾಡುವವರೇ ಎಲ್ಲ.

ಹಿಂದಿನಿಂದ ಖಟ್ ಖಟ್ ಅಂತ ಸದ್ದು. ಸಿಸ್ಟರ್ ಬಾಯಿ ಮೂರು ಕಾಲಿನ ಸ್ಟ್ಯಾಂಡ್ ಬಿಚ್ಚುತ್ತಿದ್ದಳು. ಸ್ಟೂಲು ಇಟ್ಟಳು, ಹತ್ತಿದಳು, ಕ್ಯಾಮೆರಾ ಕೂರಿಸಿದಳು, ಒಂದು ಕಣ್ಣು ಮುಚ್ಚಿದಳು.

"ಮಾಲಕ್ರ, ಒಂದೀಟ ಬಲಕ್ಕ ಬರ್ರಿ."

"ಯಾಕ?"

"ನಿಮ್ಮ ಮಾರಿ ಚಟ್ಟದ ಹಿಂದ ಮುಚ್ಚಾಕತ್ತೇತಿ. ಟ್ರ್ಯಾಕ್ಟರ್ ಎಡಕ್ಕ ಬಂದೈತಿ, ಅದರ ನಂಬರ್ ಚಲೋ ಕಾಣತೈತಿ. ಹುಣಸಿಮರ ಮ್ಯಾಗ ಐತಿ. ಹೆಣಾ ನಡುವ ಐತಿ. ನೀವೊಬ್ರ ಬರೋಬರ ಇಲ್ಲ."

ಅವನು ಅವಳನ್ನೇ ನೋಡಿದ. "ಸಿಸ್ಟರ್, ಇದು ನಿಮಗ ಸಂಬಂಧ ಇಲ್ಲದ್ದು. ನೀವು ಇವರ ಮಂದಿ ಅಲ್ಲ. ಮನೀಗೆ ಹೋಗ್ರಿ."

"ಹೋಗ್ತೀನಿ. ಫೋಟೊ ಆಗಲಿ. ಮೋಡ ಐತಿ, ಬಿಸಿಲ ಬರೋತನ ನಿಲ್ಲಬೇಕಾಕ್ಕತಿ. ಟೋಪಿ ಒಂದೀಟ ಮ್ಯಾಗ ಮಾಡ್ರಿ, ಹಣಿಗೆ ನೆರಳ ಬಿದ್ದೈತಿ."

"ಇದನ್ನ ಎಲ್ಲಿ ಹಾಕ್ತೀರಿ?"

"ಚಿಕ್ಕೋಡ್ಯಾಗ. ಹೋದ ಸಲ ಸೋನಾನ ಮಾರಿ ಹಾಕಿದ್ರಲ್ಲ, ಅದರ ಬಾಜೂಕ. ಹೊರಸಿನಷ್ಟ ದೊಡ್ಡದ ಮಾಡ್ತಾರ. ಹೆದರಬ್ಯಾಡ್ರಿ, ಹೋದ ಸಲದಾಂಗ ಆಗಾಂಗಿಲ್ಲ. ಈ ಸಲ ಹದಿನಾರ ನಂಬರ್ ಇಟ್ಟೀನಿ. ಯಾರೂ ಹೊಗಿ ಆಗಾಂಗಿಲ್ಲ. ನಿಮ್ಮ ಮೀಸಿ ಕೂದಲಾ ಎಣಿಸಬಹುದು."

ಚಟ್ಟ ಹೊತ್ತವರ ಹೆಗಲು ನೋಯುತ್ತಿತ್ತು. ಮೋಡ ಸರಿಯುತ್ತಿತ್ತು. ನಾವೆಲ್ಲ, ನಲವತ್ತು ಐವತ್ತು ಜನ, ಒಬ್ಬರೂ ಅಲುಗಾಡದೆ ನಿಂತಿದ್ದೆವು. ಫೋಟೊಗೆ ನಿಲ್ಲುವುದು ನಮಗೆ ಎಂಟು ದಿನದಲ್ಲಿ ರೂಢಿಯಾಗಿತ್ತು. ಮಾಲಕ ಒಬ್ಬನೇ ಅಲುಗಾಡಿದ. ಮೊದಲು ಟ್ರ್ಯಾಕ್ಟರಿನ ಆಚೆ ಹೋಗಿ ನಿಂತ.

"ಅಲ್ಲಿ ನಿಂತ್ರ ಮಾರಿ ಅರ್ಧಾನ ಬರತೈತ್ರಿ" ಅಂದಳು ಬಾಯಿ. "ಅರ್ಧ ಮಾರಿ ಕಳ್ಳರದು ಬರತೈತಿ. ಪೂರಾ ಬರ್ರಿ."

ಹೆಂಗಸರಲ್ಲಿ ಯಾರೋ ನಕ್ಕರು. ಹೆಣದ ಮುಂದೆ ನಗಬಾರದು, ಆದರೆ ನಕ್ಕರು. ಹೌಸವ್ವ ಇದ್ದಿದ್ದರೆ ಅವಳೇ ಮೊದಲು ನಗುತ್ತಿದ್ದಳು.

ಬಿಸಿಲು ಬಂತು. ಅವನು ಟ್ರ್ಯಾಕ್ಟರು ಹತ್ತಿ ಚಾಲು ಮಾಡಿ ಹಿಂದಕ್ಕೆ ತೆಗೆದ. ನಾವು ನಡೆದೆವು. ಆಕೆ ಆಗ ಗುಂಡಿ ಒತ್ತಿದಳು: ದಾರಿ, ದಾರಿಯ ಮೇಲೆ ಹೆಣ, ಪಕ್ಕದಲ್ಲಿ ಸರಿದು ನಿಂತ ಟ್ರ್ಯಾಕ್ಟರು. ಸಾಹೇಬರು ಮೂರು ದಿನ ಬಿಟ್ಟು ಬಂದಾಗ ಆ ಫೋಟೊವನ್ನು ಬಹಳ ಹೊತ್ತು ಹಿಡಿದು ನೋಡಿದರು. ಆಮೇಲೆ ಎದ್ದು ಹೋಗಿ ದಾರಿಯ ಮೇಲೆ ನಡೆದು ಬಂದರು. ಬಂಡಿ ಹಾಯುವಷ್ಟು ಅಗಲ ಬಿಡಬೇಕು ಅಂತ ಬರೆಸಿ, ಮಾಲಕನಿಂದಲೂ ನಮ್ಮ ಓಣಿಯವರಿಂದಲೂ ಸಹಿ ಮಾಡಿಸಿದರು.

ಆ ಫೋಟೊವನ್ನು ಆಕೆ ಚಿಕ್ಕೋಡಿಗೆ ಕಳಿಸಿದಳು. ಅದು ತಿರುಗಿ ಬಂತು. ಇದರಲ್ಲಿ ಕಣ್ಣು ಎಲ್ಲಿ ನಿಲ್ಲಬೇಕು ತಿಳಿಯುವುದಿಲ್ಲ, ಎಲ್ಲವೂ ಸ್ಪಷ್ಟವಾಗಿದೆ, ಹಿನ್ನೆಲೆ ಮಸುಕಾಗಬೇಕಿತ್ತು ಅಂತ ಚೀಟಿ ಬರೆದಿದ್ದರು. ಆಕೆ ಆ ಚೀಟಿಯ ಹಿಂಬದಿಗೆ ಒಂದೇ ಸಾಲು ಬರೆದು ಮರಳಿ ಕಳಿಸಿದಳು: ಯಾರನ್ನು ಮಸುಕು ಮಾಡಲಿ, ಹೆಸರು ಬರೆದು ತಿಳಿಸಿರಿ. ಉತ್ತರ ಬರಲಿಲ್ಲ. ಮುಂದೆ ಆರು ವರ್ಷ ಆಕೆ ಹಾಗೆಯೇ ತೆಗೆದಳು, ಹಾಗೆಯೇ ಕಳಿಸಿದಳು, ಅವರು ಹಾಗೆಯೇ ತಿರುಗಿಸಿದರು. ಈಗ ಸತ್ತ ಮೇಲೆ ಅವರಿಗೆ ಶಾಂತ ಸ್ವಭಾವದವಳಾಗಿದ್ದಾಳೆ.

ಸಕ್ಕರೆ ಕಾಯಿಲೆ ಇತ್ತು. ನರ್ಸ್ ಆದರೂ ಪಥ್ಯ ಮಾಡುತ್ತಿರಲಿಲ್ಲ. ಪಥ್ಯಕ್ಕೆ ಬೈಯುವುದೆಲ್ಲ ನಮಗೆ ಮಾತ್ರ. ಒಂದು ಬೆಳಿಗ್ಗೆ ಏಳಲಿಲ್ಲ. ನಿಪ್ಪಾಣಿಯಿಂದ ಅಣ್ಣನ ಮಕ್ಕಳು ಗಾಡಿ ತಂದು ಹೆಣವನ್ನೂ ಸಾಮಾನನ್ನೂ ಒಯ್ದರು. ನಮ್ಮ ದಾರಿಯಲ್ಲಿ ಒಯ್ಯೋಣ ಅಂತ ಓಣಿಯವರು ಕೇಳಿದರು, ಅವರು ಕೊಡಲಿಲ್ಲ. ಅವರ ಹೆಣ, ಅವರ ಇಷ್ಟ. ನಾನು ಕಣ್ಣೀರು ಹಾಕಿದೆ ಅಂತ ಯಾರಾದರೂ ಬರೆದರೆ ನಂಬಬೇಡಿ. ಅವತ್ತು ಎಮ್ಮೆ ಹಾಲು ಹಿಂಡಿ ಡೇರಿಗೆ ಹಾಕಿ ಬಂದೆ.

ಚಿಕ್ಕೋಡಿಯ ಸಭೆಯಿಂದ ಬಂದ ಮಾರನೆಯ ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೊಳೆಯ ಕಡೆ ಹೊರಟೆ. ದಾರಿಯ ಒಂದು ಬದಿಗೆ ಉಳುಮೆಯ ಹೊಸ ಸಾಲು ಎದ್ದಿತ್ತು. ಟ್ರ್ಯಾಕ್ಟರು ಎರಡು ಮೊಳ ಒಳಗೆ ಬಂದು ಹೋಗಿದೆ. ಮಾಲಕ ಬದುವಿನ ಮೇಲೆ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ. ಅವನೂ ಮುದುಕನಾಗಿದ್ದಾನೆ.

"ಸಿಸ್ಟರ್ ಹೋದ್ರಂತಲ್ಲ ಸೋನವ್ವಾ, ಪಾಪ" ಅಂದ. "ಇನ್ನ ಫೋಟೊ ತಗ್ಯಾವ್ರು ಯಾರದಾರ?"

"ಫೋಟೊ ಯಾಕ್ರಿ?" ಅಂದೆ. "ನೀವ ನೋಡಾಕತ್ತೀರಲ್ಲ. ನಿಂತು ಚಲೋತ್ನಾಗ ನೋಡ್ರಿ."

ಎಮ್ಮೆಯನ್ನು ಆ ಹೊಸ ಸಾಲಿನ ಮೇಲೇ ಹೊಡೆದೆ. ಹಿಂದೆ ನಾನೂ ನಡೆದೆ. ಹುಣಸೆಮರದವರೆಗೆ ಹೋಗಿ ತಿರುಗಿ ಬಂದೆ. ಮತ್ತೆ ಹೋದೆ. ಅವನು ಅಲ್ಲೇ ನಿಂತಿದ್ದ. ಮೂರನೇ ಸಲಕ್ಕೆ ಹಿಂದೆ ಕಾಲಿನ ಸಪ್ಪಳ ಕೇಳಿಸಿತು. ಓಣಿಯ ಹೆಂಗಸರು ಹುಲ್ಲಿನ ಕೆಲಸವಿಲ್ಲದೆಯೂ ಬಂದಿದ್ದರು, ಒಬ್ಬರ ಹಿಂದೊಬ್ಬರು. ಮಣ್ಣು ಇನ್ನೂ ಹಸಿ ಇತ್ತು, ಬೇಗ ಕೂತಿತು.